ಕಚ್ಚಾ ವಹಿ ವಾರಗಟ್ಟಲೆ ಇಡಬ್ಯಾಡ್ರಿ (ಕಾಮರ್ಸ್‌ನವರಿಗೆ ಕೋಡಿಂಗ್, ಭಾಗ 6)

ಬಿಕಾಂನವರಿಗೆ ಗಿಟ್ ಯಾಕ ಅಂತ ಹೋದ ಭಾಗದ ಕೆಳಗ ಭಾಳ ಮಂದಿ ಕೇಳಿದ್ರಿ. ಒಂದು ತಾರೀಖು ಹೇಳ್ತೀನಿ: 2025ರ ಸೆಪ್ಟೆಂಬರ್ 22.

ಅವತ್ತು ಜಿಎಸ್‌ಟಿ ದರ ಬದಲಾತು. ತುಪ್ಪ 12ರಿಂದ 5ಕ್ಕ, ಶಾಂಪೂ, ಟೂತ್‌ಪೇಸ್ಟ್ 18ರಿಂದ 5ಕ್ಕ ಇಳಿದ್ವು. ಕೌನ್ಸಿಲ್ ಹೇಳಿದ್ದು ಅದೇ ತಿಂಗಳ 3ಕ್ಕ. ನಡುವ 19 ದಿನ. ಅಷ್ಟರೊಳಗ ರಾಣೇಬೆನ್ನೂರಿನ ಕಿರಾಣಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರೂ ಬದಲಾಗಬೇಕು. ಇಲ್ಲಾಂದ್ರ ಗಿರಾಕಿ ಹೆಚ್ಚಿಗಿ ತೆರಿಗೆ ಕೊಡ್ತಾನ, ಅಂಗಡಿಯವ್ರು ರಿಟರ್ನ್ ತುಂಬುವಾಗ ತಲಿ ಹಿಡ್ಕೊಂಡು ಕೂಡ್ತಾರ.

ಈಗ ನಾಲ್ಕು ಮಂದಿಯ ಟೀಮ್ ಅಂದ್ಕೊಳ್ರಿ. ಒಬ್ಬ ಹೊಸ ಸ್ಟಾಕ್ ರಿಪೋರ್ಟ್ ಅರ್ಧ ಮಾಡ್ಯಾನ. ಅದು ಮುಗಿಯೋತನಕ ದರ ಕಾಯಾಕ ಆಗತೈತೇನು? ಅದಕ್ಕ ಬ್ರಾಂಚ್. ಬ್ಯಾಡಗಿ ದಲಾಲಿ ಅಂಗಡಿ ಭಾಷೆಯಾಗ ಕಚ್ಚಾ ವಹಿ ಅನ್ರಿ. ಮೇನ್ ಅಂದ್ರ ಪಕ್ಕಾ ಖಾತೆ. ಗಿಟ್‌ನಲ್ಲಿ ಬ್ರಾಂಚ್ ಮಾಡಿದ್ರ ಎಲ್ಲಾ ಫೈಲ್ ನಕಲಾಗೋದಿಲ್ಲ. ಕಡೀ ಕಮಿಟ್‌ನ 40 ಅಕ್ಷರದ ಗುರುತು ಬರೆದಿಟ್ಟ ಒಂದು ಚೀಟಿ, ಅಷ್ಟ. ಹಂಗಾಗಿ ಮಾಡಾಕೂ ಅಗ್ಗ, ಅಳಿಸಾಕೂ ಅಗ್ಗ.

ಆದ್ರ ನಮ್ಮ ಹುಡುಗರು ಯೂಟ್ಯೂಬ್ ನೋಡಿ ಗಿಟ್-ಫ್ಲೋ ಹಾಕ್ತಾರ. ವಿನ್ಸೆಂಟ್ ಡ್ರೀಸೆನ್ 2010ರಲ್ಲಿ ಬರೆದದ್ದು: ಮಾಸ್ಟರ್, ಡೆವಲಪ್, ಫೀಚರ್, ರಿಲೀಸ್, ಹಾಟ್‌ಫಿಕ್ಸ್. ಅದರಾಗ ಈ ದರ ತಿದ್ದಿದ್ರ ಮಾಸ್ಟರ್‌ಗೂ ಸೇರಿಸಬೇಕು, ಡೆವಲಪ್‌ಗೂ ಸೇರಿಸಬೇಕು. ಎರಡನೇದು ಮರೆತ್ರ ರಿಪೋರ್ಟ್ ಮಾಡೋನು ಹಳೇ ದರದ ಮ್ಯಾಲೇ ಟೆಸ್ಟ್ ಮಾಡ್ತಿರ್ತಾನ. ಗಿರಾಕಿಗಳ ಹತ್ರ ಮೂರು ನಾಲ್ಕು ವರ್ಷನ್ ಓಡ್ತಿದ್ರ ಗಿಟ್-ಫ್ಲೋ ಸರಿ, ನಾ ಒಪ್ತೀನಿ. ವೆಬ್ ಆಪ್‌ಗೆ ಬ್ಯಾಡ. 2020ರಲ್ಲಿ ಡ್ರೀಸೆನ್ ಅವರೇ ಆ ಲೇಖನದ ಮ್ಯಾಲೆ ಟಿಪ್ಪಣಿ ಸೇರಿಸಿ, ಇಂಥದಕ್ಕೆ ಗಿಟ್‌ಹಬ್ ಫ್ಲೋದಂಥ ಸರಳ ಪದ್ಧತಿ ನೋಡಿ ಅಂದಿದ್ದಾರೆ.

ಸರಳ ಅಂದ್ರ: ಮೇನ್‌ನಿಂದ ಒಂದು ಬ್ರಾಂಚ್, ಒಂದೇ ಕೆಲಸ, ಇನ್ನೊಬ್ಬರು ನೋಡ್ಬೇಕು, ಸೇರಿಸಿ ಅಳಿಸ್ಬೇಕು. ಎರಡು ದಿನಕ್ಕಿಂತ ಹೆಚ್ಚು ಬದುಕಿದ ಬ್ರಾಂಚ್ ನನಗಂತೂ ಅನುಮಾನ.

"ನಾಕ ಮಂದಿ ಅದೀವಿ, ಸೀದಾ ಮೇನ್‌ಗೇ ಹಾಕೋಣು" ಅನ್ನೋರೂ ಅದಾರ. ಬರೆದವನೇ ತಾಳೆ ನೋಡಬಾರದು ಅಂತ ಆಡಿಟಿಂಗ್ ಪುಸ್ತಕದಾಗ ಓದೀವಲ್ರೀ, ಇಂಟರ್ನಲ್ ಚೆಕ್ ಅಂತ. ಇದೂ ಅದೇ.

ಇನ್ನೊಂದು, ಇದು ಕಾಮರ್ಸ್‌ನವರೇ ಹೇಳಬೇಕಾದ ಮಾತು. ಹಳೇ ದರ ಅಳಿಸಬ್ಯಾಡ್ರಿ. 20ಕ್ಕ ಮಾರಿದ ಮಾಲು 25ಕ್ಕ ವಾಪಸ್ ಬಂದ್ರ ಕ್ರೆಡಿಟ್ ನೋಟ್‌ಗೆ ಹಳೇ ದರವೇ ಬೇಕು. ದರದ ಜೊತೆ ಜಾರಿ ತಾರೀಖು ಬರೆದ್ರ, ಆ ಬ್ರಾಂಚ್ 10ಕ್ಕೇ ಮೇನ್ ಸೇರಬಹುದು. 21ರ ರಾತ್ರಿ ಯಾರೂ ಎಚ್ಚರ ಇರಬೇಕಾಗಿಲ್ಲ.

ನಿಮ್ಮ ಟೀಮ್‌ನಾಗ ಎಲ್ಲಾಕ್ಕಿಂತ ಹಳೇ ಬ್ರಾಂಚ್ ಎಷ್ಟು ದಿನದ್ದು? ಕಾಮೆಂಟ್‌ನಾಗ ಹಾಕ್ರಿ 👇

#ಹಾವೇರಿ #ಬಿಕಾಂ #ಕನ್ನಡದಲ್ಲಿ_ಕೋಡಿಂಗ್