ಬೆಲೆ ಏರಿಸಿದವರು ಯಾರು? ಲಾಭ ಯಾರಿಗೆ?

ಮೈಸೂರು ರಸ್ತೆಯ ಮೇಲಿರುವ ಕೆಂಗೇರಿ, ತನ್ನದೇ ಪುರಸಭೆಯಿದ್ದ ಸಣ್ಣ ಊರು. 2007ರಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರಿಹೋಯಿತು. 2021ರ ಆಗಸ್ಟ್ 29ರಂದು ಅಲ್ಲಿಗೆ ಮೆಟ್ರೋ ರೈಲು ಬಂತು. ಹೊಸ ಮಾರ್ಗದ ಉದ್ದ ಸುಮಾರು ಏಳೂವರೆ ಕಿಲೋಮೀಟರ್. ರೈಲು ಬರುವ ಮಾತು ಹಬ್ಬಿದಾಗಿನಿಂದಲೇ ಅಲ್ಲಿಯ ನಿವೇಶನಗಳ ಬೆಲೆ ಮೇಲೇರತೊಡಗಿತು. ವೃಷಭಾವತಿಯ ಕೊಳಚೆ ಇದ್ದಂತೆಯೇ ಇದೆ; ಬೆಲೆ ಮಾತ್ರ ಇದ್ದಂತೆ ಉಳಿಯಲಿಲ್ಲ.

ಈ ಏರಿಕೆಗಾಗಿ ಖಾಲಿ ನಿವೇಶನದ ಒಡೆಯ ಏನು ದುಡಿದ? ಒಂದು ಇಟ್ಟಿಗೆಯನ್ನೂ ಇಡಲಿಲ್ಲ. ಬೇಲಿ ಹಾಕಿ ಕಾದು ಕುಳಿತ, ಅಷ್ಟೆ. ಬೆಲೆ ಏರಿಸಿದ್ದು ರೈಲು. ರೈಲಿಗೆ ಹಣ ಒದಗಿಸಿದ್ದು ಸರಕಾರ. ಸರಕಾರದ ಹಣವೆಂದರೆ ಸಾಬೂನು, ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ತೆರುವ ನಮ್ಮ ನಿಮ್ಮ ಹಣ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತು!

‘ನನ್ನ ಮನೆಗೂ ಬೆಲೆ ಬಂತಲ್ಲ’ ಎಂದು ಸ್ವಂತ ಮನೆಯುಳ್ಳ ಕಾರ್ಮಿಕನು ಹಿಗ್ಗಬಹುದು. ಆದರೆ ಇರುವ ಒಂದೇ ಮನೆಯನ್ನು ಮಾರಿದರೆ ಅಷ್ಟೇ ಬೆಲೆ ತೆತ್ತು ಇನ್ನೊಂದನ್ನು ಕೊಳ್ಳಬೇಕು. ನಾಳೆ ಮಗ ಬೇರೆ ಸಂಸಾರ ಹೂಡಿದಾಗ ಆ ಬೆಲೆಯೇ ಅವನಿಗೆ ಹೊರೆಯಾಗುತ್ತದೆ. ನಿಜವಾದ ಲಾಭ ಹತ್ತು ನಿವೇಶನ ಹಿಡಿದಿಟ್ಟವನಿಗೆ. ಇಂಥವರನ್ನು ತಡೆಯಲೆಂದೇ 1976ರಲ್ಲಿ ನಗರ ಭೂಮಿತಿ ಕಾಯ್ದೆ ಬಂದಿತ್ತು. ವಿನಾಯಿತಿಗಳ ತೂತುಗಳಲ್ಲಿ ಅದು ಸೋರಿಹೋಯಿತು. 1999ರಲ್ಲಿ ತೂತು ಮುಚ್ಚುವ ಬದಲು ಕಾಯ್ದೆಯನ್ನೇ ರದ್ದು ಮಾಡಿದರು.

ಬಾಡಿಗೆದಾರನ ಪಾಡಂತೂ ಕೇಳುವುದೇ ಬೇಡ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಂಬುದೊಂದಿದೆ. ಅದರ ರಕ್ಷಣೆಗೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಬಾಡಿಗೆಯ ಮಿತಿ. ಈ ಬಾಡಿಗೆಗೆ ಇಂದು ಸಂಸಾರ ಹಿಡಿಸುವ ಮನೆ ಎಲ್ಲಿ ಸಿಗುತ್ತದೆ? ಅಂಗಡಿ 14 ಚದರ ಮೀಟರ್ ಮೀರಿದರೆ ಅದೂ ಕಾಯ್ದೆಯ ಹೊರಗೆ. ಗಿರಣಿ ಕೆಲಸಗಾರನೂ ಸಣ್ಣ ವರ್ತಕನೂ ಇಲ್ಲಿ ಒಂದೇ ದೋಣಿಯಲ್ಲಿದ್ದಾರೆ. ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಕೇಂದ್ರ ಸರಕಾರ 2021ರಲ್ಲಿ ಮಾದರಿ ಕಾನೂನು ಹೊರಡಿಸಿತು. ಆದರೆ ಮಾದರಿ ಬರಿಯ ಮಾದರಿಯೇ. ರಾಜ್ಯ ಶಾಸನ ಮಾಡದೆ ಅದು ಯಾರನ್ನೂ ಕಾಯದು.

ಬೆಂಗಳೂರಿನ ಮಾತು ನಮಗೇಕೆ ಎಂದು ಓದುಗರು ಉದಾಸೀನ ಮಾಡಬಾರದು. ಬೈಪಾಸ್ ರಸ್ತೆ ಬಂದರೂ, ಕಾಲೇಜು ಬಂದರೂ, ಸರಕಾರಿ ಕಚೇರಿ ಬಂದರೂ ಜಿಲ್ಲಾ ಪಟ್ಟಣಗಳಲ್ಲಿ ನಡೆಯುವುದು ಇದೇ ಲೆಕ್ಕ. ನಕ್ಷೆ ಮೊದಲು ನೋಡಿದವನು ಜಮೀನು ಕೊಳ್ಳುತ್ತಾನೆ. ಕೊನೆಗೆ ಕೇಳಿದವನು ಬಾಡಿಗೆ ಕೊಡುತ್ತಾನೆ.

ನಮ್ಮ ಬೇಡಿಕೆ ಮೂರು. ಸ್ವಂತ ವಾಸಕ್ಕೆ ಬೇಕಾದುದಕ್ಕಿಂತ ಹೆಚ್ಚು ನಿವೇಶನ ಖಾಲಿ ಹಿಡಿದಿಟ್ಟವರ ಮೇಲೆ ವರ್ಷ ವರ್ಷಕ್ಕೂ ಏರುವ ತೆರಿಗೆ ಬೀಳಲಿ. ಆ ಹಣದಿಂದ ನಿಲ್ದಾಣಗಳ ಸಮೀಪದ ಸರಕಾರಿ ಜಾಗದಲ್ಲಿ ದುಡಿಯುವವರಿಗೆ ಬಾಡಿಗೆ ಮನೆಗಳು ಏಳಲಿ. ಬಾಡಿಗೆ ಕಾಯ್ದೆಯ ಮಿತಿ ಇಂದಿನ ಬಾಡಿಗೆಗೆ ತಕ್ಕಂತೆ ಏರಲಿ.

ಜನರ ಹಣದಿಂದ ಹುಟ್ಟಿದ ಬೆಲೆಯಲ್ಲಿ ಜನರಿಗೆ ಪಾಲು ಬೇಕು. ಇದು ಭಿಕ್ಷೆಯಲ್ಲ, ಲೆಕ್ಕ. ಮತ ಕೇಳಲು ಬಂದವರ ಮುಂದೆ ಈ ಲೆಕ್ಕವಿಡಿ. ಉತ್ತರ ಪಡೆಯದೆ ಬಿಡಬೇಡಿ.