ಕುಸ್ತಿಯ ಕಣದಲ್ಲಿ ಕಾಲಹರಣ

ನಮ್ಮ ಮುಳಗುಂದ, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದವೆಂದರೆ, ಎಷ್ಟೋ ಊರುಗಳಲ್ಲಿ ತೇರಿನ ಬೆನ್ನ ಹಿಂದೆಯೇ ಕುಸ್ತಿಯ ಕಣವೂ ಸಿದ್ಧವಾಗುವದು ಹಿಂದಿನಿಂದ ಬಂದ ರೂಢಿಯಾಗಿರುತ್ತದೆ. ಹಲಗೆಯ ಸಪ್ಪಳ ಕಿವಿಗೆ ಬಿದ್ದ ಕೂಡಲೆ ಮುದುಕರೂ ಮಕ್ಕಳೂ ಕಣದ ಸುತ್ತ ನೆರೆಯುವರು. ಮೊದಲು ಹುಡುಗರಿಗೆ ತೆಂಗಿನಕಾಯಿಯ ಇನಾಮು, ಆ ಮೇಲೆ ತರುಣರಿಗೆ ರೊಕ್ಕದ ಇನಾಮು, ಕಡೆಗೆ ಹೆಸರಾದ ಜೋಡಿಗೆ ಬೆಳ್ಳಿಯ ಕಡಗ. ಹೀಗೆ ಮೆಟ್ಟಿಲೇರುತ್ತ ಹೋಗುವ ಆ ಕುಸ್ತಿಗಳೊಳಗೆ ಕಡೆಯ ಜೋಡಿಯನ್ನು ನೋಡುವ ಸಲುವಾಗಿಯೇ ಜನರು ಮಧ್ಯಾಹ್ನದ ಬಿಸಿಲನ್ನು ತಲೆಯ ಮೇಲೆ ಹೊತ್ತು ಕುಳಿತಿರುತ್ತಾರೆ. ಆದರೆ ಆ ಕಡೆಯ ಜೋಡಿಯ ವಿಷಯದಲ್ಲಿಯೇ ಗೃಹಸ್ಥರ ಬಾಯಿಂದ ಒಂದು ದೂರು ಮೇಲಿಂದ ಮೇಲೆ ನಮ್ಮ ಕಿವಿಗೆ ಬೀಳುತ್ತಲಿದೆ. ಇಬ್ಬರು ಪೈಲವಾನರು ಕಣಕ್ಕಿಳಿದು, ಮಣ್ಣು ಮುಟ್ಟಿ ನಮಸ್ಕರಿಸಿ, ಒಬ್ಬರ ಕೊರಳನ್ನೊಬ್ಬರು ಹಿಡಿದು ನಿಂತರೆ ನಿಂತೇ ಬಿಡುತ್ತಾರೆ, ಹೊತ್ತು ಮುಳುಗುತ್ತದೆ, ಪಂಚರು ಒಳಗೆ ಬಂದು ಇಬ್ಬರ ಕೈಗಳನ್ನೂ ಎತ್ತಿ ಸಮವೆಂದು ಸಾರಿ, ಇನಾಮನ್ನು ಅರ್ಧರ್ಧ ಹಂಚುತ್ತಾರೆ. ನೋಡಿದವರು ಕಂಡದ್ದು ಕುಸ್ತಿಯಲ್ಲ, ಕಾಲಹರಣವೆಂಬುದೇ ಆ ದೂರಿನ ತಾತ್ಪರ್ಯ.

ಇದನ್ನು ಕೇಳಿ ಕೆಲವರು, ಈಗಿನ ಜನರಿಗೆ ತಾಳ್ಮೆಯೇ ಇಲ್ಲವೆಂದು ಹಳಿಯುವದುಂಟು. ಈ ಮಾತನ್ನು ನಾವು ಒಪ್ಪಲಾರೆವು. ರಾತ್ರಿಯ ಊಟ ತೀರಿಸಿಕೊಂಡು ಕಂಬಳಿ ಹೊದ್ದು ಕುಳಿತು, ಬೆಳಗಿನ ಕೋಳಿ ಕೂಗುವ ವರೆಗೆ ದೊಡ್ಡಾಟವನ್ನು ನೋಡುವ ಜನ ನಮ್ಮವರು. ಎರೆಯ ಹೊಲದಲ್ಲಿ ಬಿತ್ತಿ, ಮುಗಿಲ ಕಡೆಗೆ ಮುಖ ಮಾಡಿ ವಾರಗಟ್ಟಲೆ ಕಾಯುವ ಜನ ನಮ್ಮವರು. ಇಂಥವರಿಗೆ ತಾಳ್ಮೆಯ ಪಾಠ ಹೇಳುವ ಕಾರಣವಿಲ್ಲ. ಅವರ ಬೇಸರಕ್ಕೆ ಕಾರಣವು ಕುಸ್ತಿಯು ಬಹಳ ಹೊತ್ತು ನಡೆಯಿತೆಂಬುದಲ್ಲ. ಅಷ್ಟು ಹೊತ್ತಿನಲ್ಲಿ ಕುಸ್ತಿಯೇ ನಡೆಯಲಿಲ್ಲವೆಂಬುದು. ಇವೆರಡರೊಳಗಿನ ಅಂತರವನ್ನು ತಿಳಿದುಕೊಂಡರೆ ಈ ರೋಗದ ಔಷಧವೂ ತಿಳಿದೀತು.

ನಮ್ಮ ಗದಗದಲ್ಲಿಯೇ ಹುಟ್ಟಿದ ಸುನೀಲ ಜೋಶಿಯವರ ಉದಾಹರಣೆಯನ್ನು ತೆಗೆದುಕೊಳ್ಳೋಣ. 1999ನೆಯ ಇಸವಿಯಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದವರ ಎದುರು ಅವರು 10 ಓವರು ಚೆಂಡನ್ನೆಸೆದರು. ಅವುಗಳೊಳಗೆ 6 ಓವರುಗಳಲ್ಲಿ ಎದುರಾಳಿಗಳಿಗೆ ಒಂದು ಓಟವೂ ದೊರೆಯಲಿಲ್ಲ. ಹತ್ತರಲ್ಲಿಯೂ ಕೂಡಿ ಹೋದ ಓಟಗಳು ಕೇವಲ 6. ಬಿದ್ದ ವಿಕೆಟುಗಳು 5. ಓಟಗಳ ಲೆಕ್ಕದಿಂದ ನೋಡಿದರೆ ಇದಕ್ಕಿಂತ ಮಂದವಾದ ಆಟ ಯಾವದು? ಆದರೂ ಅದನ್ನು ಬೇಸರದ ಆಟವೆಂದು ಯಾರೂ ಅನ್ನಲಾರರು. ಒಂದೊಂದು ಚೆಂಡಿನಲ್ಲಿಯೂ ಒಂದು ಪ್ರಶ್ನೆ, ಒಂದು ಉತ್ತರ. ನಿಧಾನವು ಅಲ್ಲಿ ಆಟದ ಒಳಗೇ ಇದ್ದಿತು. ಆಟವನ್ನು ತಪ್ಪಿಸುವ ಸಲುವಾಗಿ ಹೊರಗಿನಿಂದ ತಂದದ್ದಾಗಿರಲಿಲ್ಲ.

ಇನ್ನೊಂದು ಬಗೆಯ ನಿಧಾನಕ್ಕೆ ಕುಸ್ತಿಯ ಇತಿಹಾಸದಲ್ಲಿಯೇ ಪ್ರಸಿದ್ಧವಾದ ನಿದರ್ಶನವಿದೆ. 1910ನೆಯ ಇಸವಿಯ ಸಪ್ಟೆಂಬರ 10ರಂದು ಲಂಡನ್ನಿನಲ್ಲಿ ಪಂಜಾಬದ ಗಾಮಾ ಪೈಲವಾನರಿಗೂ ಪೋಲಂಡದ ಝ್ಬಿಶ್ಕೊ ಎಂಬ ಮಲ್ಲನಿಗೂ ಕುಸ್ತಿಯಾಯಿತು. ಗಾಮಾ ಮೊದಲಿಗೇ ಅವನನ್ನು ಕೆಳಗೆ ಕೆಡವಿದರು. ತೂಕದಲ್ಲಿ ಗಾಮಾನನ್ನು ಮೀರಿಸಿದ ಆ ಝ್ಬಿಶ್ಕೊ ಅಂದಿನಿಂದ ಏಳುವ ಮಾತನ್ನೇ ಆಡದೆ, ನೆಲಕ್ಕೆ ಎದೆಯೊತ್ತಿ ಬಿದ್ದುಕೊಂಡನು. ಎರಡೂವರೆ ತಾಸಿಗೂ ಮೇಲೆ ಹೀಗೆಯೇ ನಡೆಯಿತು. ನೋಡಲು ಬಂದ ಜನ ಬೇಸತ್ತು ಕೂಗಾಡಿತು. ಕಡೆಗೆ ಕತ್ತಲಾಗುವ ಹೊತ್ತಿಗೆ ಸಮವೆಂದು ಸಾರಬೇಕಾಯಿತು. ಮುಂದಿನ ವಾರ, 17ನೆಯ ತಾರೀಖಿಗೆ, ಮತ್ತೆ ಕುಸ್ತಿಯೆಂದು ಗೊತ್ತುಮಾಡಿದರೆ ಝ್ಬಿಶ್ಕೊ ಕಣಕ್ಕೇ ಬರಲಿಲ್ಲ; ಗಾಮಾ ಗೆದ್ದರೆಂದು ಹೇಳಿ ಪಟ್ಟವನ್ನು ಕೊಟ್ಟರು. ಇವರಿಬ್ಬರೂ ಮತ್ತೆ ಸಂಧಿಸಿದ್ದು 1928ರಲ್ಲಿ ಪಟಿಯಾಳಾದಲ್ಲಿ. ಆಗ ಝ್ಬಿಶ್ಕೊ ಎದ್ದು ನಿಂತು ಆಡಿದನು. ಒಂದು ನಿಮಿಷ ತುಂಬುವದರೊಳಗೆ ಸೋತನು. ಎರಡೂವರೆ ತಾಸಿನ ಕುಸ್ತಿಗಿಂತ ಈ ಒಂದು ನಿಮಿಷದ ಕುಸ್ತಿಯೇ ಜನರ ಬಾಯಲ್ಲಿ ಉಳಿಯಿತೆಂದರೆ ಆಶ್ಚರ್ಯವೇನು?

ಹೊತ್ತಿನ ಕಟ್ಟಳೆಯಿಲ್ಲದಿದ್ದರೆ ಏನಾದೀತೆಂಬದಕ್ಕೆ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸು ಸಾಕ್ಷಿಯಾಗಿರುತ್ತದೆ. ಅಲ್ಲಿ ರಷ್ಯದ ಪರವಾಗಿ ಆಡಿದ ಕ್ಲೈನ್ ಎಂಬವನೂ ಫಿನ್ಲಂಡದ ಆಸಿಕೈನನ್ ಎಂಬವನೂ 11 ತಾಸು 40 ನಿಮಿಷ ಸೆಣಸಿದರು. ಕ್ಲೈನನು ಗೆದ್ದನು, ಆದರೆ ದಣಿವಿನಿಂದ ಬಂಗಾರದ ಪದಕದ ಕುಸ್ತಿಗೆ ಇಳಿಯಲಾರದೆ ಹೋದನು. ಅದೇ ಒಲಿಂಪಿಕ್ಸಿನಲ್ಲಿ ಮತ್ತೊಂದು ತೂಕದ ಕಡೆಯ ಜೋಡಿಯು ಒಂಬತ್ತು ತಾಸು ಹೋರಾಡಿದರೂ ನಿರ್ಣಯವಾಗದ್ದರಿಂದ, ಬಂಗಾರವನ್ನು ಯಾರಿಗೂ ಕೊಡದೆ ಇಬ್ಬರಿಗೂ ಬೆಳ್ಳಿಯನ್ನೇ ಕೊಟ್ಟರು.

ಇಷ್ಟು ಹೇಳಿದ ಮೇಲೆ ಪೈಲವಾನನ ಪಕ್ಷದಿಂದಲೂ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವನು ವರ್ಷವಿಡೀ ಗರಡಿಯ ಕೆಮ್ಮಣ್ಣಿನಲ್ಲಿ ಮೈ ಹಣ್ಣುಮಾಡಿಕೊಂಡವನು. ಹಾಲು, ತುಪ್ಪ, ಬಾದಾಮಿಗಳ ಖರ್ಚು ಅವನ ಮನೆಯವರಿಗೆ ಸಣ್ಣದಲ್ಲ. ಒಂದು ಜಾತ್ರೆಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ, ಮುಂದಿನ ಜಾತ್ರೆಯಲ್ಲಿ ಅವನಿಗೆ ಕೊಡುವ ಇನಾಮು ಕುಗ್ಗುತ್ತದೆ. ಕಾಲೋ ಭುಜವೋ ಮುರಿದರೆ ದುಡಿಮೆಯೇ ನಿಲ್ಲುತ್ತದೆ. ಸೋಲಿಗೆ ಏನೂ ಇಲ್ಲ, ಸಮಕ್ಕೆ ಅರ್ಧ ಇನಾಮು ಎಂದು ನಾವೇ ಕಟ್ಟಳೆ ಮಾಡಿಟ್ಟ ಮೇಲೆ, ಅವನು ಸಮವನ್ನೇ ಬೇಡಿದರೆ ತಪ್ಪೆಲ್ಲ ಅವನದೆಂದು ಹೇಗೆ ಹೇಳುವದು? ಮೇಲಾಗಿ, ಕಣ್ಣಳತೆಯಿಂದಲೇ ಜೋಡಿ ಹಚ್ಚುವಲ್ಲಿ ಒಬ್ಬನು ಮತ್ತೊಬ್ಬನಿಗಿಂತ ಭಾರವಾಗಿ ಬೀಳುವದುಂಟು. ಆಗ ಹಗುರಾದವನು ತನ್ನನ್ನು ಕಾಯ್ದುಕೊಳ್ಳದೆ ಮಾಡುವದಾದರೂ ಏನು? ಎದುರಾಳಿಯ ಪಟ್ಟಿಗೆ ಮರುಪಟ್ಟು ಹಾಕಿ ಉಳಿದುಕೊಳ್ಳುವದು ವಿದ್ಯೆಯೇ ಆಗಿರುತ್ತದೆ. ಪಟ್ಟೇ ಹಾಕಗೊಡದೆ, ತಾನೂ ಹಾಕದೆ, ಕಣದ ಅಂಚಿಗೆ ಸರಿಯುತ್ತ ಹೊತ್ತುಗಳೆಯುವದು ಮಾತ್ರ ವಿದ್ಯೆಯಲ್ಲ. ಕಾಯ್ದುಕೊಳ್ಳುವವನನ್ನೂ ತಪ್ಪಿಸಿಕೊಳ್ಳುವವನನ್ನೂ ಒಂದೇ ಕೂಗಿನಿಂದ ಹೀಯಾಳಿಸುವ ಪ್ರೇಕ್ಷಕರು ಇದನ್ನು ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಇನ್ನು ಬೇರೆ ಆಟದವರು ಈ ರೋಗಕ್ಕೆ ಯಾವ ಉಪಾಯ ಮಾಡಿದರೆಂಬದನ್ನು ನೋಡೋಣ. ಅಮೇರಿಕದವರ ಬೇಸ್‌ಬಾಲ್ ಆಟಕ್ಕೆ ಗಡಿಯಾರದ ಹಂಗೇ ಇರಲಿಲ್ಲ. ಚೆಂಡನ್ನೆಸೆಯುವವನು ಯೋಚಿಸುತ್ತ ನಿಲ್ಲುವನು. ಹೊಡೆಯುವವನು ಕೈಗವಸನ್ನು ಮತ್ತೆ ಮತ್ತೆ ಬಿಗಿದುಕೊಳ್ಳುವನು. 2021ರ ಹೊತ್ತಿಗೆ ಒಂದೊಂದು ಪಂದ್ಯವು ಸರಾಸರಿ 3 ತಾಸು 10 ನಿಮಿಷಕ್ಕೆ ಬಂದು ನಿಂತಿತು. ಜನರ ಬೇಸರವೂ ಬೆಳೆಯಿತು. 2023ರಲ್ಲಿ ಅಲ್ಲಿಯ ಮುಖ್ಯ ಪಂದ್ಯಗಳಿಗೆ ಒಂದು ಗಡಿಯಾರವನ್ನು ತಂದರು. ಓಟಗಾರರು ಇಲ್ಲದಾಗ 15 ಸೆಕೆಂಡು, ಇದ್ದಾಗ 20 ಸೆಕೆಂಡು. ಅಷ್ಟರೊಳಗೆ ಎಸೆಯಲು ತೊಡಗದವನಿಗೂ, ಹೊತ್ತಿಗೆ ಸರಿಯಾಗಿ ಸಿದ್ಧನಾಗದ ಹೊಡೆತಗಾರನಿಗೂ ದಂಡ. ಆ ವರ್ಷ ಪಂದ್ಯದ ಸರಾಸರಿ ಕಾಲವು ಸುಮಾರು 2 ತಾಸು 40 ನಿಮಿಷಕ್ಕೆ ಇಳಿಯಿತು. ಕಡಿಮೆಯಾದದ್ದು ಆಟವಲ್ಲ, ಆಟದ ನಡುವಿನ ಬರಿದಾದ ಹೊತ್ತು.

ನಮ್ಮ ಹಿರಿಯರು ಹುತುತು ಎಂದು ಕರೆದ ಕಬಡ್ಡಿಗೆ ಮೊದಲಿನಿಂದಲೂ ಆಟಗಾರನ ಉಸಿರೇ ಗಡಿಯಾರವಾಗಿದ್ದಿತು. ಈಗ ದಾಳಿಗೆ 30 ಸೆಕೆಂಡುಗಳ ಮಿತಿಯೂ ಉಂಟು. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯ ಪಂದ್ಯಗಳಲ್ಲಿ, ಒಂದು ಪಕ್ಷದ ಎರಡು ದಾಳಿಗಳು ಬರಿದಾದರೆ ಮೂರನೆಯ ದಾಳಿಯಲ್ಲಿ ಅಂಕ ತರಲೇಬೇಕು. ತಾರದಿದ್ದರೆ ದಾಳಿಗೆ ಹೋದವನು ಹೊರಗೆ. ಸುಮ್ಮನೆ ಹೋಗಿ ಗೆರೆ ಮುಟ್ಟಿ ಬರುವ ಜಾಣತನಕ್ಕೆ ಇದರಿಂದ ಕಡಿವಾಣ ಬಿದ್ದಿತು.

ಆದರೆ ಗಡಿಯಾರವೊಂದನ್ನು ತೂಗಹಾಕಿದರೆ ಎಲ್ಲವೂ ನೆಟ್ಟಗಾಗುವದೆಂದು ತಿಳಿಯಬಾರದು. ಇದಕ್ಕೂ ಕುಸ್ತಿಯೇ ಸಾಕ್ಷಿ. 2013ಕ್ಕೆ ಮುಂಚಿನ ಕೆಲವು ವರ್ಷ ಒಲಿಂಪಿಕ್ಸಿನ ಕುಸ್ತಿಯನ್ನು ಎರಡೆರಡು ನಿಮಿಷಗಳ ಸುತ್ತುಗಳಾಗಿ ಒಡೆದಿದ್ದರು. ಒಂದು ಸುತ್ತಿನಲ್ಲಿ ಇಬ್ಬರಿಗೂ ಅಂಕವಿಲ್ಲದಿದ್ದರೆ ಚೀಲದಿಂದ ಬಣ್ಣದ ಚೆಂಡನ್ನೆತ್ತಿ, ಯಾರ ಬಣ್ಣ ಬಂದಿತೋ ಅವನಿಗೆ ಎದುರಾಳಿಯ ಕಾಲು ಹಿಡಿಯುವ ಅನುಕೂಲ ಕೊಡುತ್ತಿದ್ದರು. ಹೊತ್ತೇನೋ ಚಿಕ್ಕದಾಯಿತು, ಆದರೆ ಎರಡು ನಿಮಿಷ ಹೇಗಾದರೂ ತಳ್ಳಿ ಅದೃಷ್ಟದ ಚೆಂಡಿಗೆ ಕಾಯುವ ದಾರಿಯೂ ತೆರೆಯಿತು. 2013ರ ಫೆಬ್ರುವರಿಯಲ್ಲಿ ಒಲಿಂಪಿಕ್ಸಿನ ಕಾರ್ಯಮಂಡಲವು 2020ರಿಂದ ಕುಸ್ತಿಯನ್ನೇ ಕೈಬಿಡಬೇಕೆಂದು ಶಿಫಾರಸು ಮಾಡಿತು. ಪ್ರಾಚೀನ ಗ್ರೀಸ್ ದೇಶದ ಒಲಿಂಪಿಕ್ಸಿನಲ್ಲಿಯೂ ಇದ್ದ ಆಟಕ್ಕೆ ಬಂದ ಗತಿಯಿದು! ಈ ಬೇಸರವೊಂದೇ ಅದಕ್ಕೆ ಕಾರಣವೆಂದು ನಾವು ಹೇಳಲಾರೆವು. ಆದರೆ ಕುಸ್ತಿಯ ಮುಖಂಡರು ಎಚ್ಚತ್ತು ಮೊದಲು ತಿದ್ದಿದವುಗಳಲ್ಲಿ ಈ ನಿಯಮಗಳೂ ಸೇರಿದ್ದವು. ಮೂರು ಮೂರು ನಿಮಿಷಗಳ ಎರಡು ಸುತ್ತು, ಎರಡರ ಅಂಕಗಳೂ ಕೂಡಿ ನಿರ್ಣಯ, ಹಿಂಜರಿಯುವವನಿಗೆ ಎಚ್ಚರಿಕೆ, ಆಮೇಲೆ 30 ಸೆಕೆಂಡುಗಳೊಳಗೆ ಅಂಕ ಗಳಿಸದಿದ್ದರೆ ಎದುರಾಳಿಗೆ ಒಂದು ಅಂಕ. ಇದೇ ಹೊಸ ಪದ್ಧತಿ. ಅದೇ ವರ್ಷದ ಸಪ್ಟೆಂಬರದಲ್ಲಿ ಕುಸ್ತಿಗೆ ಒಲಿಂಪಿಕ್ಸಿನ ಬಾಗಿಲು ಮತ್ತೆ ತೆರೆಯಿತು. 2016ರಲ್ಲಿ ರಿಯೊ ಪಟ್ಟಣದಲ್ಲಿ ನಮ್ಮ ಸಾಕ್ಷಿ ಮಲಿಕ್ 0-5ರಿಂದ ಹಿಂದೆ ಬಿದ್ದಿದ್ದರೂ ಕಡೆಯ ಸುತ್ತಿನಲ್ಲಿ ಮೇಲೆದ್ದು 8-5ರಿಂದ ಗೆದ್ದು ಕಂಚಿನ ಪದಕ ತಂದದ್ದು ಈ ಪದ್ಧತಿಯಲ್ಲಿಯೇ. ಅಲ್ಲಿ ಕಡೆಯ ಗಳಿಗೆಯ ವರೆಗೂ ಕಾಲಕ್ಕೆ ಬೆಲೆಯಿದ್ದಿತು.

ಹಾಗಾದರೆ ನಮ್ಮ ಜಾತ್ರೆಯ ಕಣದಲ್ಲಿ ಮಾಡತಕ್ಕದ್ದೇನು? ಚಿತ್ ಆಗುವ ವರೆಗೆ ನಡೆಯುವ ನಿಕಾಲಿ ಕುಸ್ತಿಯ ಗೌರವವನ್ನು ಕೆಡಿಸಿ, ಮಣ್ಣಿನ ಕುಸ್ತಿಯನ್ನು ಚಾಪೆಯ ಕುಸ್ತಿಯನ್ನಾಗಿ ಮಾಡಬೇಕೆಂದು ನಾವು ಹೇಳುವದಿಲ್ಲ. ನಮ್ಮ ಸೂಚನೆಗಳು ನಾಲ್ಕೇ. ಮೊದಲನೆಯದಾಗಿ, ಕಣದ ಪಕ್ಕದಲ್ಲಿ ಒಂದು ತೂಕದ ಯಂತ್ರವನ್ನಿಟ್ಟು, ಸರಿಸಮ ತೂಕದವರನ್ನೇ ಜೋಡಿ ಹಚ್ಚಬೇಕು. ಎರಡನೆಯದಾಗಿ, ದೊಡ್ಡ ಜೋಡಿಯನ್ನು ಹೊತ್ತು ಇನ್ನೂ ಮಾರುದ್ದ ಇರುವಾಗಲೇ ಕಣಕ್ಕಿಳಿಸಬೇಕು, ಕತ್ತಲೆಯು ಪಂಚನಾಗಬಾರದು. ಮೂರನೆಯದಾಗಿ, ಇಷ್ಟು ನಿಮಿಷಕ್ಕೆ ಎಚ್ಚರಿಕೆ, ಇಷ್ಟು ನಿಮಿಷಕ್ಕೆ ಮುಕ್ತಾಯವೆಂದು ಮೊದಲೇ ಎಲ್ಲರಿಗೂ ಕೇಳುವಂತೆ ಸಾರಬೇಕು. ಮುಕ್ತಾಯದ ಹೊತ್ತಿಗೂ ನಿರ್ಣಯವಾಗದಿದ್ದರೆ, ಮತ್ತೆ ಐದು ನಿಮಿಷ ಕೊಟ್ಟು, ಎದುರಾಳಿಯನ್ನು ಮೊದಲು ಕೆಳಗೆ ತಂದವನೇ ಗೆದ್ದನೆನ್ನಬೇಕು. ನಾಲ್ಕನೆಯದು ಎಲ್ಲಕ್ಕೂ ಮುಖ್ಯವಾದದ್ದು: ಧೈರ್ಯದಿಂದ ಆಡಿ ಸೋತವನಿಗೆ ಒಂದು ಪಾಲು ಇನಾಮು ಸಲ್ಲಬೇಕು, ಆಡದೆ ಸಮ ಮಾಡಿಕೊಂಡವರಿಗೆ ಸಲ್ಲಬಾರದು, ಹಾಗೆ ಉಳಿದ ರೊಕ್ಕವು ಊರ ಗರಡಿಯ ಹುಡುಗರ ಹಾಲಿಗೆ ಹೋಗಲಿ. ಸೋಲಿನ ಭಯವು ಕಡಿಮೆಯಾದರೆ ನಿಲುಗಡೆಯ ಕುಸ್ತಿಯೂ ತಾನಾಗಿಯೇ ಕಡಿಮೆಯಾದೀತು.

ಇದು ಬರೀ ಮೋಜಿನ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿದ್ದಿಲ್ಲ. ತೆಂಗಿನಕಾಯಿಯ ಇನಾಮಿಗೆ ಕುಣಿಯುತ್ತ ಕಣಕ್ಕಿಳಿಯುವ ಹುಡುಗನು ಕಡೆಯ ಜೋಡಿಯನ್ನು ಕಣ್ಣರಳಿಸಿ ನೋಡುತ್ತಿರುತ್ತಾನೆ. ಗೆಲ್ಲಲಿಕ್ಕೆ ಯತ್ನಿಸುವದಕ್ಕಿಂತ ಸೋಲದಂತೆ ಹೊತ್ತುಗಳೆಯುವದೇ ಲಾಭವೆಂಬ ಪಾಠವನ್ನು ಅವನು ಅಲ್ಲಿ ಕಲಿತರೆ, ಗರಡಿಗೆ ಹೋಗುವ ಕಾಲು ಹಿಂದೆಗೆಯುವದಲ್ಲದೆ, ಮನೆಯ ಕೆಲಸದಲ್ಲಿಯೂ ಶಾಲೆಯ ಕೆಲಸದಲ್ಲಿಯೂ ಅದೇ ಪಾಠವನ್ನು ನಡೆಯಿಸಿಯಾನು. ಕುಸ್ತಿಗೆ ವಂತಿಗೆ ಕೊಡುವವರು ನಮ್ಮ ವಾಚಕರಂಥ ಗೃಹಸ್ಥರೇ ಆಗಿದ್ದಾರೆ. ವಂತಿಗೆಯ ಪಟ್ಟಿ ಹಿಡಿದು ಪಂಚರು ಬಾಗಿಲಿಗೆ ಬಂದಾಗ, ರೊಕ್ಕವನ್ನು ಕೊಡುವ ಮುಂಚೆ ಈ ನಾಲ್ಕು ಮಾತುಗಳನ್ನು ಕೇಳಿರಿ. ಕಣದ ಸುತ್ತ ನಿಂತು ಕೂಗುವದಕ್ಕಿಂತ ಮನೆಯ ಬಾಗಿಲಲ್ಲಿ ಕೇಳುವದು ಹೆಚ್ಚು ಫಲಕಾರಿಯಾದೀತೆಂದು ನಮಗನಿಸುತ್ತದೆ.