ಕಲ್ಲು ಒಡೆದವರ ಮಕ್ಕಳು ಕಲ್ಲನ್ನು ಓದಲಿ



ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲೂ ಮಠಗಳ ವಿದ್ಯಾರ್ಥಿ ನಿಲಯಗಳಲ್ಲೂ ಕೇಳಿಬರುವ ಹೆಸರುಗಳು ಎರಡು ಮೂರೇ: ವೈದ್ಯಕೀಯ, ಇಂಜಿನಿಯರಿಂಗ್, ಇಲ್ಲವಾದರೆ ಬಿ.ಕಾಂ. ಭೂವಿಜ್ಞಾನವೆಂಬ ಓದು ಒಂದಿದೆ ಎಂಬುದೇ ಹೆಚ್ಚಿನವರಿಗೆ ತಿಳಿಯದು. ದಲಿತ, ಬುಡಕಟ್ಟು, ಅಲೆಮಾರಿ, ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳ ಕಿವಿಗಂತೂ ಆ ಹೆಸರು ಬೀಳುವುದೇ ಅಪರೂಪ.

ಈ ಓದು ಏಕೆ ಬೇಕೆಂದು ಪುಸ್ತಕದಲ್ಲಿ ಹುಡುಕಬೇಕಿಲ್ಲ. ನಾನಿರುವ ಬಡಾವಣೆಯ ಹೆಸರೇ ಮಣ್ಣಗುಡ್ಡ. ಮಂಗಳೂರಿನ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಮೇಲಿನ ಹೊದಿಕೆ ತೆಗೆದು ಗುಡ್ಡವನ್ನು ನೇರವಾಗಿ ಕಡಿದರೆ ಮಳೆಗಾಲದಲ್ಲಿ ಏನಾಗುತ್ತದೆಂದು ಈ ಊರಿನವರಿಗೆ ಹೇಳಬೇಕಿಲ್ಲ. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು, ಅದೇ ತಿಂಗಳ 30ರಂದು ವಯನಾಡು. ಇಳಿಜಾರಿನ ಕೆಳಗೆ ಇದ್ದವರು ಯಾರು? ಹೆದ್ದಾರಿ ಬದಿಯ ಚಹಾದಂಗಡಿಯವರು, ಲಾರಿ ಚಾಲಕರು, ಎಸ್ಟೇಟಿನ ಲೈನ್ ಮನೆಗಳ ಕೂಲಿಯವರು. ಗುಡ್ಡ ಜರಿದರೆ ಮೊದಲು ಸಾಯುವವರ ಮನೆಯಿಂದ ಗುಡ್ಡವನ್ನು ಓದಬಲ್ಲವರು ಬರಬೇಡವೇ?

ಮೂವತ್ತು ವರ್ಷಕ್ಕೂ ಮಿಗಿಲಾಗಿ ಸರ್ಕಾರಿ ಇಂಜಿನಿಯರಾಗಿ ಕೆರೆ, ಸೇತುವೆಗಳ ಕೆಲಸ ನೋಡಿದ್ದೇನೆ. ಬುನಾದಿ ಅಗೆಯುವಾಗ ಸುತ್ತಿಗೆಯ ಸದ್ದು ಕೇಳಿಯೇ ಬಂಡೆ ಗಟ್ಟಿಯೋ ಟೊಳ್ಳೋ ಎಂದು ಹೇಳುತ್ತಿದ್ದವರು ವಡ್ಡರ ಹಿರಿಯರು. ಆದರೆ ಬಂಡೆ ಪರೀಕ್ಷಿಸಿ ವರದಿಗೆ ಸಹಿ ಹಾಕಲು ಬರುತ್ತಿದ್ದ ಭೂವಿಜ್ಞಾನಿಗಳಲ್ಲಿ ಆ ಕೇರಿಯ ಒಬ್ಬರನ್ನೂ ನಾನು ಕಾಣಲಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದವರಲ್ಲಿ ಬಹುಪಾಲು ದಲಿತರು. ಭೂಮಿಯೊಳಕ್ಕೆ ಇಳಿದವರು ಒಬ್ಬರು, ಅದರ ನಕ್ಷೆ ಬರೆದವರು ಇನ್ನೊಬ್ಬರು.

ಇಲ್ಲೊಂದು ಆಕ್ಷೇಪ ಬರಬಹುದು, ಬರಲೇಬೇಕು. ಕಲ್ಲು ಒಡೆಯುವವರ ಮಗ ಕಲ್ಲನ್ನೇ ಓದಲಿ ಎಂದರೆ ಅವನನ್ನು ಮತ್ತೆ ಕುಲಕಸುಬಿಗೆ ಕಟ್ಟಿಹಾಕಿದಂತೆ ಅಲ್ಲವೇ? ಶರಣರು ಹೇಳಿದ ಕಾಯಕ ಹುಟ್ಟಿನಿಂದ ಹೇರಿದ್ದಲ್ಲ, ಮನಸಾರೆ ಒಪ್ಪಿ ಮಾಡುವುದು. ಆ ಹುಡುಗ ವೈದ್ಯನಾಗಬಯಸಿದರೆ ಆಗಲಿ, ಸಂತೋಷ. ಆದರೆ ಒಂದು ದಾರಿಯನ್ನು ಬೇಡವೆನ್ನಬೇಕಾದರೂ ಅದು ಇದೆಯೆಂದು ಮೊದಲು ತಿಳಿದಿರಬೇಕಲ್ಲ! ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರನ್ನು ಭೋವಿ ಸಮಾಜ ಇಂದಿಗೂ ತನ್ನ ಗುರುವೆಂದು ಪೂಜಿಸುತ್ತದೆ. ಕೆರೆಗೆ ಮಣ್ಣು ಹೊತ್ತವರ ಮಕ್ಕಳು ನೀರು ಎಲ್ಲಿ ನಿಲ್ಲುತ್ತದೆಂದು ಗುರುತಿಸುವ ಸ್ಥಾನಕ್ಕೆ ಬಂದರೆ ಅದು ಹಿಂದಕ್ಕೆ ಹೋದಂತಲ್ಲ.

ದಾರಿಯೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1851ರಷ್ಟು ಹಳೆಯದು. ಅದರ ಸಾಗರ ವಿಭಾಗದ ಕಚೇರಿ ಇದೇ ಮಂಗಳೂರಿನಲ್ಲಿದೆ. ಅಲ್ಲಿನ ಮತ್ತು ಕೇಂದ್ರ ಅಂತರ್ಜಲ ಮಂಡಳಿಯ ಹುದ್ದೆಗಳಿಗೆ ಯುಪಿಎಸ್‌ಸಿ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ. ಎಂ.ಎಸ್ಸಿ. ಮುಗಿದಿರಬೇಕು, ವಯಸ್ಸು 21ರಿಂದ 32. ಪರಿಶಿಷ್ಟ ಜಾತಿ, ಪಂಗಡದವರಿಗೆ ಐದು ವರ್ಷ ಸಡಿಲಿಕೆ. ಅವರಿಗೂ ಎಲ್ಲ ಮಹಿಳೆಯರಿಗೂ ಪರೀಕ್ಷಾ ಶುಲ್ಕವಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ಕಲಿಸುತ್ತಾರೆ. ಕಡಲತಡಿಯ ಮೊಗವೀರ, ಬ್ಯಾರಿ ಮಕ್ಕಳಿಗೆ ಅದು ಮನೆಬಾಗಿಲಲ್ಲೇ ಇದೆ. ಧಾರವಾಡ, ಮೈಸೂರು, ಶಂಕರಘಟ್ಟಗಳಲ್ಲೂ ಭೂವಿಜ್ಞಾನ ವಿಭಾಗಗಳಿವೆ. ಹೆಣ್ಣುಮಕ್ಕಳಿಗೆ ಇದು ಹೊಂದದ ಕೆಲಸವೆನ್ನುವವರು ಸುದೀಪ್ತಾ ಸೇನ್‌ಗುಪ್ತಾ ಅವರನ್ನು ನೆನೆಯಲಿ. ಭೂವಿಜ್ಞಾನಿಯಾಗಿದ್ದ ಅವರು 1983ರಲ್ಲೇ ಅಂಟಾರ್ಕ್ಟಿಕಾಗೆ ಹೋದವರು.

ಬಡ ಮಕ್ಕಳಿಗೆ ಅಡ್ಡಿಯಾಗುವುದು ಬುದ್ಧಿಯಲ್ಲ, ಖರ್ಚು ಮತ್ತು ಒಂಟಿತನ. ಈ ಓದಿನಲ್ಲಿ ಕ್ಷೇತ್ರ ಅಧ್ಯಯನ ಕಡ್ಡಾಯ: ವಾರಗಟ್ಟಲೆ ಹೊರಗಿರಬೇಕು, ಬಸ್ಸು, ಊಟ, ಬೂಟು, ಸುತ್ತಿಗೆ, ದಿಕ್ಸೂಚಿ ಎಲ್ಲಕ್ಕೂ ಹಣ ಬೇಕು. ಕೂಲಿಯ ಮನೆಯಲ್ಲಿ ಇದು ಎಲ್ಲಿಂದ ಬರಬೇಕು? ತರಗತಿಯಲ್ಲಿ ತನ್ನವರು ಯಾರೂ ಇಲ್ಲವೆಂಬ ಅಳುಕು ಬೇರೆ.

ಇಲ್ಲಿಯೇ ಮಠಗಳು ಮುಂದೆ ಬರಬೇಕು. ಅನ್ನ ಮತ್ತು ಅಕ್ಷರ ದಾಸೋಹದಲ್ಲಿ ಜಾತಿ ಕೇಳದ ಪರಂಪರೆ ನಮ್ಮದು. ಮಠದ ಕಾಲೇಜುಗಳಲ್ಲಿ ಭೂವಿಜ್ಞಾನ ವಿಭಾಗವಿದ್ದರೆ, ವಿದ್ಯಾರ್ಥಿಗಳು ಕಡಿಮೆಯೆಂದು ಮುಚ್ಚಬೇಡಿ. ಇಲ್ಲದಿದ್ದರೆ ತೆರೆಯುವ ಯೋಚನೆ ಮಾಡಿ. ಪ್ರತಿ ವಿದ್ಯಾರ್ಥಿ ನಿಲಯದಲ್ಲೂ ವರ್ಷಕ್ಕೊಂದು ದಿನ ಒಬ್ಬ ಭೂವಿಜ್ಞಾನಿಯನ್ನು ಕರೆಸಿ ಮಾತಾಡಿಸಿ, ಮಕ್ಕಳನ್ನು ಹತ್ತಿರದ ಬಂಡೆಯ ಬಳಿಗೆ ಕರೆದೊಯ್ಯಿರಿ. ಜಾತ್ರೆಯ ಖರ್ಚಿನಲ್ಲಿ ಒಂದು ಪಾಲನ್ನು ಇಂಥ ವಿದ್ಯಾರ್ಥಿಗಳ ಕ್ಷೇತ್ರ ಅಧ್ಯಯನಕ್ಕೆ ಮೀಸಲಿಡಿ. ನನ್ನಂತೆ ನಿವೃತ್ತರಾದ ಇಂಜಿನಿಯರುಗಳೂ ಭೂವಿಜ್ಞಾನಿಗಳೂ ಪರೀಕ್ಷೆಗೆ ಓದುವ ಮಕ್ಕಳಿಗೆ ವಾರಕ್ಕೆರಡು ಗಂಟೆ ಕೊಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಬರುವ ಪ್ರವೇಶದ ಹೊತ್ತಿಗೆ ಒಂದು ಮಠ ಒಬ್ಬ ವಿದ್ಯಾರ್ಥಿಯನ್ನಾದರೂ ಈ ಓದಿಗೆ ಸೇರಿಸಿ, ಕೊನೆಯವರೆಗೂ ಕೈಬಿಡದೆ ನಡೆಸಲಿ ಎಂದು ಪೂಜ್ಯರಲ್ಲಿ, ಶರಣ ಬಂಧುಗಳಲ್ಲಿ ವಿನಂತಿ.